ಹಲವು ಅಲಗಿನ ಹಳೆಯ ಚಾಕುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲಿರುವ ಹಳೆಯ ಮಡಿಸುವ ಚಾಕುಗಳ ವಿವರ ಕಳುಹಿಸಿರೆಂದು ಕೇಳಿದ್ದಕ್ಕೆ ಈ ಬಾರಿ ಹೆಚ್ಚು ಪತ್ರಗಳು ಬಂದದ್ದು ಕೊಡಗಿನಿಂದ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಒಡಿಕತ್ತಿ, ಪೀಚೆಕತ್ತಿಗಳನ್ನು ಗೌರವದಿಂದ ಗೋಡೆಗೆ ತೂಗುಹಾಕುವ ನಾಡಿಗೆ ಇಂಗ್ಲಿಷ್ ದೊರೆಗಳ ಕಾಫಿ ತೋಟಗಳಿಂದಲೂ ಸೈನ್ಯದ ನೌಕರಿಯಿಂದಲೂ ಪರದೇಶದ ಚಾಕುಗಳು ಒಂದು ಶತಮಾನದುದ್ದಕ್ಕೂ ಬಂದು ಸೇರಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಅಜ್ಜ ಸಿದ್ದಾಪುರದ ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ, ಆಗಿದ್ದರು. ತೋಟದ ದೊರೆ 1948ರಲ್ಲಿ ತಮ್ಮ ದೇಶಕ್ಕೆ ಮರಳುವಾಗ ಅಜ್ಜನಿಗೆ ಒಂದು ಚಾಕುವನ್ನು ಕೊಟ್ಟು ಹೋದರು. ಮಡಿಸಿದಾಗ ಸುಮಾರು ನಾಲ್ಕು ಇಂಚು ಉದ್ದವಿದ್ದು, ಹಿಡಿ ಕೊಂಬಿನದು. ಎರಡು ಅಲಗು, ಒಂದು ಗರಗಸ, ಬಿರಡೆ ತೆಗೆಯುವ ತಿರುಪು, ಸಣ್ಣ ಬೈರಿಗೆ, ದಬ್ಬಳದಂಥ ಚೂಪು ಸಲಾಕೆ, ಬೆನ್ನಿನ ಮೇಲೆ ಮಡಚಿಕೊಳ್ಳುವ ದಪ್ಪ ಕೊಕ್ಕೆ, ಅರ್ಧಚಂದ್ರದಂತೆ ಕಚ್ಚು ಕೊರೆದು 12 ಎಂಬ ಅಂಕಿ ಒತ್ತಿರುವ ಇನ್ನೊಂದು ಉಪಕರಣ, ಹಿಡಿಯೊಳಗೆ ಜಾರಿಸಿಡುವ ಚಿಮಟ ಇಷ್ಟೂ ಅದರಲ್ಲಿವೆ. ದೊಡ್ಡ ಅಲಗಿನ ಬುಡದಲ್ಲಿ ‘ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್, ಕಟ್ಲರ್ಸ್ ಟು ಹಿಸ್ ಮೆಜೆಸ್ಟಿ’ ಎಂಬ ಮಾತೂ ನಕ್ಷತ್ರ ಮತ್ತು ಶಿಲುಬೆಯ ಗುರುತೂ ಇವೆ. ಅದರ ಹಿಂಬದಿಯಲ್ಲಿ ‘ಶೆಫೀಲ್ಡ್, ಇಂಗ್ಲೆಂಡ್’ ಎಂದಿದೆ. ಇದು ಕೊಡಗಿನ ಅರಸರ ಕಾಲದ ಚಾಕು ಎಂದು ದೊರೆಯೇ ಹೇಳಿದ್ದರೆಂಬುದು ಮನೆಯ ಮಾತು. ಇದು ನಿಜವೇ? ಬೆಲೆ ಎಷ್ಟಾದೀತು?
– ಓದುಗರು, ಸಿದ್ದಾಪುರ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿಯೆಂದರೆ, ಮನೆಯ ಮಾತಿನ ಪರವಾಗಿ ಸಾಕ್ಷಿ ಹೇಳುವ ಒಂದು ಗುರುತೂ ವಿರುದ್ಧವಾಗಿ ಹೇಳುವ ಎರಡು ಗುರುತುಗಳೂ ಒಂದೇ ಚಾಕುವಿನಲ್ಲಿವೆ. ಕೊಡಗಿನ ಅರಸೊತ್ತಿಗೆ ಕೊನೆಗೊಂಡದ್ದು 1834ರಲ್ಲಿ. ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವನು ನಾಲ್ಕನೆಯ ವಿಲಿಯಂ. ರಾಡ್ಜರ್ಸ್ ಸಂಸ್ಥೆಗೆ ಅದಕ್ಕೂ ಮೊದಲೇ, ನಾಲ್ಕನೆಯ ಜಾರ್ಜನ ಕಾಲದಲ್ಲಿ, ಅರಮನೆಗೆ ಚಾಕು ಒದಗಿಸುವವರೆಂಬ ಮನ್ನಣೆ ಸಿಕ್ಕಿತ್ತು. ಆದ್ದರಿಂದ ‘ಹಿಸ್ ಮೆಜೆಸ್ಟಿ’, ಅಂದರೆ ರಾಣಿಗಲ್ಲ, ರಾಜನಿಗೆ ಎಂಬ ಒಕ್ಕಣೆಯನ್ನಷ್ಟೇ ನೋಡಿದವರು ಇದು ಚಿಕ್ಕವೀರರಾಜೇಂದ್ರನ ಕಾಲದ್ದೆಂದು ಹೇಳಿದರೆ ಅವರನ್ನು ಪೂರ್ತಿ ತಪ್ಪೆನ್ನಲಾಗದು. ದೊರೆಯೂ ಬಹುಶಃ ಇಷ್ಟನ್ನೇ ನೋಡಿ ಹೇಳಿರಬೇಕು.

ಆದರೆ 12 ಎಂಬ ಅಂಕಿಯ ಉಪಕರಣ ಈ ಮಾತನ್ನು ಒಪ್ಪುವುದಿಲ್ಲ. ಅದು ಹನ್ನೆರಡರ ಅಳತೆಯ ಕೋವಿಯ ತೋಟಾ ನಳಿಗೆಯಲ್ಲಿ ಸಿಕ್ಕಿಕೊಂಡಾಗ ಅದರ ಬುಡದ ಅಂಚಿಗೆ ಕಚ್ಚಿಸಿ ಎಳೆದು ತೆಗೆಯುವ ಸಾಧನ. ಅರಸರ ಕಾಲದ ಕೋವಿಗಳಿಗೆ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದಲೇ ತುಂಬಿ ಗಜದಿಂದ ಜಡಿಯುತ್ತಿದ್ದರು. ಅಂಥ ಕೋವಿಯಲ್ಲಿ ಎಳೆದು ತೆಗೆಯಲು ತೋಟಾವೇ ಇರಲಿಲ್ಲ. ಹಿಂಬದಿಯಿಂದ ತುಂಬುವ, ಅಂಚುಳ್ಳ ಹಿತ್ತಾಳೆ ಬುಡದ ತೋಟಾ ಬೇಟೆಗಾರರ ಕೈಗೆ ಬಂದದ್ದು 1860ರ ದಶಕದಲ್ಲಿ. ಅಲ್ಲಿಂದ ಮುಂದೆ 1901ರ ಜನವರಿಯವರೆಗೆ ಆಳಿದ್ದು ವಿಕ್ಟೋರಿಯಾ ರಾಣಿ. ಆ ಕಾಲದ ಮುದ್ರೆಯಲ್ಲಿ ‘ಹರ್ ಮೆಜೆಸ್ಟಿ’ ಎಂದಿರಬೇಕು. ಈ ಎರಡು ಸಂಗತಿಗಳನ್ನು ಜೊತೆಗಿಟ್ಟರೆ ನಿಮ್ಮ ಚಾಕು 1901ಕ್ಕಿಂತ ಹಿಂದಿನದಾಗಲು ದಾರಿಯೇ ಉಳಿಯುವುದಿಲ್ಲ.

‘ಇಂಗ್ಲೆಂಡ್’ ಎಂಬ ಪದವೂ ಇದನ್ನೇ ಹೇಳುತ್ತದೆ. ಅಮೆರಿಕಕ್ಕೆ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇರಲೇಬೇಕೆಂಬ ನಿಯಮ ಅಲ್ಲಿ 1891ರಲ್ಲಿ ಜಾರಿಗೆ ಬಂದ ಮೇಲೆ ಶೆಫೀಲ್ಡಿನವರು ಊರಿನ ಹೆಸರಿನ ಜೊತೆಗೆ ದೇಶದ ಹೆಸರನ್ನೂ ಒತ್ತುವುದು ವಾಡಿಕೆಯಾಯಿತು. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು: ಆ ಪದವಿದ್ದರೆ ಚಾಕು ಸಾಮಾನ್ಯವಾಗಿ 1891ರ ಈಚಿನದು, ಇಲ್ಲವೆಂದ ಮಾತ್ರಕ್ಕೆ ಅದಕ್ಕಿಂತ ಹಳೆಯದೆಂದು ತೀರ್ಮಾನಿಸಬಾರದು, ಏಕೆಂದರೆ ಭಾರತಕ್ಕೆ ಬರುವ ಮಾಲಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ಇನ್ನು ದೊರೆ ಕೊಟ್ಟದ್ದು 1948ರಲ್ಲಿ ಎಂದಮೇಲೆ ಚಾಕು ತಯಾರಾದದ್ದು 1901 ಮತ್ತು 1948ರ ನಡುವೆ. ಇದನ್ನು ಮತ್ತಷ್ಟು ಕಿರಿದುಗೊಳಿಸಬೇಕಾದರೆ ಭೂತಗನ್ನಡಿ ಹಿಡಿದು ಅಲಗಿನ ಬುಡದಲ್ಲಿ ಕಿರೀಟದ ಎರಡು ಬದಿಯಲ್ಲಿ ಅಕ್ಷರಗಳಿವೆಯೇ ಎಂದು ನೋಡಿ. ‘ಜಿ’ ಮತ್ತು ‘ಆರ್’ ಇದ್ದರೆ ಜಾರ್ಜ್ ದೊರೆಗಳ ಕಾಲ, ಅಂದರೆ 1910ರ ಈಚೆ. ‘ಇ’ ಮತ್ತು ‘ಆರ್’ ಇದ್ದರೆ ಹೆಚ್ಚಾಗಿ 1901ರಿಂದ 1910ರವರೆಗೆ ಆಳಿದ ಏಳನೆಯ ಎಡ್ವರ್ಡನ ಕಾಲ. ಅಲಗು ತುಕ್ಕು ಹಿಡಿಯುವ ಉಕ್ಕಿನದೆಂದು ನಿಮ್ಮ ಚಿತ್ರದಿಂದ ಕಾಣುತ್ತದೆ. ಅದೇ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ರೂಪಿಸಿದ್ದು 1913ರಲ್ಲಿ. ‘ಸ್ಟೇನ್‌ಲೆಸ್’ ಎಂದು ಒತ್ತಿರುವ ಯಾವ ಚಾಕುವನ್ನೂ ಅದಕ್ಕಿಂತ ಹಿಂದಕ್ಕೆ ಒಯ್ಯಲಾಗದು. ಆದರೆ ಹಳೆಯ ಬಗೆಯ ಉಕ್ಕಿನ ಚಾಕುಗಳು ಆ ವರ್ಷದ ನಂತರವೂ ಬಹುಕಾಲ ತಯಾರಾದವು.

ಇಂಗ್ಲಿಷಿನಲ್ಲಿ ಈ ಬಗೆಯ ಚಾಕುವಿಗೆ ಕುದುರೆ ಸವಾರನ ಚಾಕು ಎಂಬ ಅರ್ಥದ ಹೆಸರಿದೆ. ಬೆನ್ನಿನ ದಪ್ಪ ಕೊಕ್ಕೆ ಕುದುರೆಯ ಗೊರಸಿನಲ್ಲಿ ಸಿಕ್ಕಿದ ಕಲ್ಲನ್ನು ತೆಗೆಯಲು, ದಬ್ಬಳವೂ ಬೈರಿಗೆಯೂ ಹರಿದ ಜೀನಿನ ತೊಗಲಿಗೆ ತೂತು ಮಾಡಿ ಹೊಲಿಯಲು, ಚಿಮಟ ಮುಳ್ಳಿಗೆ, ತಿರುಪು ಯಾವುದಕ್ಕೆಂದು ತೋಟದ ದೊರೆಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಹಿಡಿ ನನ್ನ ಕಣ್ಣಿಗೆ ಕಡವೆಯ ಕೊಂಬು. ಶೆಫೀಲ್ಡಿನ ಚಾಕುಗಳ ಹಿಡಿಗೆ ಭಾರತದಿಂದ ಕಡವೆ ಕೊಂಬು ಬಹಳವಾಗಿ ಹೋಗುತ್ತಿತ್ತು. ಘಟ್ಟದ ಯಾವುದೋ ಕಾಡಿನಲ್ಲಿ ಉದುರಿದ ಕೊಂಬು ಕಡಲು ದಾಟಿ ಹೋಗಿ, ಚಾಕುವಿನ ಹಿಡಿಯಾಗಿ ಸಿದ್ದಾಪುರಕ್ಕೆ ಮರಳಿತೆಂದು ಊಹಿಸಿಕೊಳ್ಳಲು ಅಡ್ಡಿಯಿಲ್ಲ, ಸಾಬೀತುಪಡಿಸಲು ಮಾತ್ರ ಸಾಧ್ಯವಿಲ್ಲ.

ಬೆಲೆಯ ವಿಷಯಕ್ಕೆ ಬರೋಣ. ಚಿತ್ರ ನೋಡಿ ರೂಪಾಯಿಯ ಲೆಕ್ಕ ಹೇಳುವವರನ್ನು ನಾನು ನಂಬುವುದಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ. ಬೆಲೆಯನ್ನು ಏರಿಸುವುದು ಯಾವುದು, ಇಳಿಸುವುದು ಯಾವುದು ಎಂಬುದನ್ನು ಹೇಳಬಲ್ಲೆ. ಅಲಗುಗಳ ಸಂಖ್ಯೆ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂದು ಹಲವರು ತಿಳಿದಿದ್ದಾರೆ. ಸಂಖ್ಯೆಯೇ ಮುಖ್ಯವಾಗಿದ್ದ ಚಾಕುಗಳನ್ನು ತಯಾರಿಸಿದ್ದು ಕೆಲಸಗಾರರ ಕೈಚಳಕ ತೋರಿಸಲು, ಬಳಸಲು ಅಲ್ಲ. ಇದೇ ರಾಡ್ಜರ್ಸ್ ಸಂಸ್ಥೆ 1820ರ ದಶಕದ ಆರಂಭದಲ್ಲಿ ಇಸವಿಯ ಅಂಕಿಯಷ್ಟೇ ಅಲಗುಗಳನ್ನಿಟ್ಟು ಒಂದು ಚಾಕುವನ್ನು ಮಾಡಿಸಿತು. ಲಂಡನ್ನಿನ 1851ರ ಮಹಾಪ್ರದರ್ಶನಕ್ಕೆ 75 ಅಲಗಿನ ನಾರ್ಫೋಕ್ ಚಾಕುವನ್ನು ಕಳುಹಿಸಿತು. ಜೇಬಿನ ಚಾಕುವಿನ ಬೆಲೆ ನಿರ್ಧಾರವಾಗುವುದು ಬೇರೆ ರೀತಿಯಲ್ಲಿ. ಮೊದಲು ದೊಡ್ಡ ಅಲಗನ್ನು ಮಡಿಸಿ ನೋಡಿ: ಅದು ಹಿಡಿಯ ಸೀಳನ್ನು ಬಹುಮಟ್ಟಿಗೆ ತುಂಬಿಕೊಂಡಿದೆಯೇ, ಅಥವಾ ಸಾಣೆಗೆ ತೇದು ತೇದು ಕಡ್ಡಿಯಾಗಿದೆಯೇ? ಉಗುರು ಸಿಕ್ಕಿಸಿ ತೆರೆಯುವ ಗೆರೆ ಅಂಚಿಗೆ ತೀರ ಹತ್ತಿರ ಬಂದಿದ್ದರೆ ಅಲಗು ಬಹಳ ಸವೆದಿದೆಯೆಂದು ಅರ್ಥ. ಆಮೇಲೆ ಒಂದೊಂದನ್ನೂ ತೆರೆದು ಮುಚ್ಚಿ ಸದ್ದನ್ನು ಕೇಳಿ. ಒಳ್ಳೆಯ ಸ್ಪ್ರಿಂಗ್ ಇರುವ ಚಾಕು ‘ಟಕ್’ ಎಂದು ನಿಲ್ಲುತ್ತದೆ. ಅಲಗು ಪೂರ್ತಿ ತೆರೆದಾಗ ಸ್ಪ್ರಿಂಗಿನ ಬೆನ್ನು ಎರಡು ಬದಿಯ ಹಿತ್ತಾಳೆ ತಗಡಿನೊಂದಿಗೆ ಒಂದೇ ಮಟ್ಟದಲ್ಲಿರುತ್ತದೆ. ರಿವೆಟ್ಟುಗಳಲ್ಲಿ ಯಾವುದಾದರೂ ಒಂದು ಮಿಕ್ಕವುಗಳಿಗಿಂತ ಹೊಳಪಾಗಿದ್ದರೆ ಅಥವಾ ದಪ್ಪವಾಗಿದ್ದರೆ ಚಾಕುವನ್ನು ಯಾರೋ ಬಿಚ್ಚಿದ್ದಾರೆ. ಬಿಚ್ಚಿದವರು ಬಹುಶಃ ಬೇರೆ ಚಾಕುವಿನ ಅಲಗನ್ನು ಇದಕ್ಕೆ ಕೂಡಿಸಿದ್ದಾರೆ. ಚಿಮಟ ಮೊದಲು ಕಳೆದುಹೋಗುವ ವಸ್ತು. ಅದು ನಿಮ್ಮ ಚಾಕುವಿನಲ್ಲಿ ಇನ್ನೂ ಉಳಿದಿರುವುದು ಅದನ್ನು ಇಟ್ಟುಕೊಂಡವರ ಶಿಸ್ತನ್ನು ತೋರಿಸುತ್ತದೆ.

ಕೊನೆಯದಾಗಿ ಮುದ್ರೆ. ರಾಡ್ಜರ್ಸ್ ಹೆಸರಿಗೆ ಮಾರುಕಟ್ಟೆಯಲ್ಲಿ ಎಷ್ಟು ಮರ್ಯಾದೆಯಿತ್ತೋ ಅಷ್ಟೇ ನಕಲುಗಳೂ ಇದ್ದವು; 1840ರ ದಶಕದಲ್ಲೇ ಆ ಸಂಸ್ಥೆ ತನ್ನ ಹೆಸರಿನ ಬಳಕೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ಹೆಸರಿನ ನಡುವೆ ‘ಡಿ’ ಅಕ್ಷರ ಇದೆಯೇ, ನಕ್ಷತ್ರಕ್ಕೆ ಆರು ಮೊನೆಗಳಿವೆಯೇ, ಶಿಲುಬೆಯ ತೋಳುಗಳು ತುದಿಯಲ್ಲಿ ಅಗಲವಾಗಿವೆಯೇ, ಅಕ್ಷರಗಳು ಒಂದೇ ಆಳದಲ್ಲಿ ಕುಳಿತಿವೆಯೇ ಎಂದು ಪರೀಕ್ಷಿಸಿ. ಮನೆಯ ಮಾತಿನಲ್ಲಿ ಅರಸರ ಕಾಲ ತಪ್ಪಾಗಿದ್ದರೂ ದೊರೆ, ರೈಟರ್ ಮತ್ತು 1948 ಮೂರೂ ಸರಿಯಾಗಿಯೇ ಹೊಂದುತ್ತವೆ. ಆ ಮೂರನ್ನು ಒಂದು ಹಾಳೆಯಲ್ಲಿ ಬರೆದು ಚಾಕುವಿನ ಜೊತೆಗಿಡಿ.

ಪ್ರಶ್ನೆ: ಹಳೆಯ ಕುದುರೆ ಲಾಯವೊಂದನ್ನು ಕೆಡವುವಾಗ ಹಿತ್ತಾಳೆಯ ಒರೆಯ ಒಂದು ವಿಚಿತ್ರ ಚಾಕು ಸಿಕ್ಕಿತು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಮೂರು ಅಲಗುಗಳಿವೆ, ಆದರೆ ಯಾವುದರಲ್ಲೂ ಉದ್ದನೆಯ ಬಾಯಿಯಿಲ್ಲ. ಪ್ರತಿ ಅಲಗಿನ ತುದಿಯ ಬಳಿ ಒಂದು ಬದಿಗೆ ಹಲ್ಲಿನಂತೆ ತ್ರಿಕೋನಾಕಾರದ ಚೂಪು ಭಾಗ ಚಾಚಿಕೊಂಡಿದೆ. ಮೂರರ ಗಾತ್ರವೂ ಬೇರೆಬೇರೆ. ಕಾಫಿ ಗಿಡದ ಕಸಿಗೆ ಬಳಸುತ್ತಿದ್ದರೆಂದು ಒಬ್ಬರು ಹೇಳುತ್ತಾರೆ.
– ಓದುಗರು, ಸೋಮವಾರಪೇಟೆ

ಉತ್ತರ: ಇದು ಕಸಿಯ ಚಾಕುವಲ್ಲ, ಕಸಿಗೆ ಬೇಕಾದದ್ದು ನೇರವಾದ, ತೆಳುವಾದ, ಉದ್ದ ಬಾಯಿಯ ಅಲಗು. ನಿಮಗೆ ಸಿಕ್ಕಿರುವುದು ಇಂಗ್ಲಿಷಿನಲ್ಲಿ ‘ಫ್ಲೀಮ್’ ಎಂದು ಕರೆಯುವ, ಕುದುರೆ ಮತ್ತು ದನಗಳ ರಕ್ತ ತೆಗೆಯುವ ಸಾಧನ. ಮೈಯಲ್ಲಿ ಕೆಟ್ಟ ರಕ್ತ ಹೆಚ್ಚಾದುದೇ ರೋಗಕ್ಕೆ ಕಾರಣವೆಂಬ ನಂಬಿಕೆ ಯುರೋಪಿನಲ್ಲಿ ಬಲವಾಗಿದ್ದ ಕಾಲದಲ್ಲಿ ಪಶುವೈದ್ಯರೂ ಲಾಳ ಹೊಡೆಯುವವರೂ ಇದನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಕುದುರೆಯ ಕೊರಳಿನ ದೊಡ್ಡ ರಕ್ತನಾಳ ಉಬ್ಬುವಂತೆ ಒತ್ತಿಹಿಡಿದು, ಆ ಹಲ್ಲನ್ನು ನಾಳದ ಮೇಲಿಟ್ಟು, ಅಲಗಿನ ಬೆನ್ನಿಗೆ ಭಾರದ ಮರದ ಕೋಲಿನಿಂದ ಒಂದೇ ಏಟು ಹೊಡೆಯುತ್ತಿದ್ದರು. ಹಲ್ಲು ಎಷ್ಟು ಚಾಚಿಕೊಂಡಿದೆಯೋ ಅಷ್ಟೇ ಆಳಕ್ಕೆ ಇಳಿಯುತ್ತದೆ. ಪ್ರಾಣಿಯ ಗಾತ್ರಕ್ಕೆ ತಕ್ಕ ಹಲ್ಲನ್ನು ಆರಿಸಿಕೊಳ್ಳಲೆಂದೇ ಮೂರು ಅಲಗು. ರಕ್ತ ಸಾಕಾದಷ್ಟು ಹೋದ ಮೇಲೆ ಗಾಯದ ತುಟಿಗಳನ್ನು ಸೂಜಿಯಿಂದ ಕೂಡಿಸಿ ಕೂದಲೋ ದಾರವೋ ಸುತ್ತುತ್ತಿದ್ದರು.

ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಂತೆ ಈ ಚಿಕಿತ್ಸೆ ಹಿಂದೆ ಸರಿಯಿತು, ಆದ್ದರಿಂದ ಹಿತ್ತಾಳೆಯ ಒರೆಯ ಇಂಥವು ಸಾಮಾನ್ಯವಾಗಿ ಆ ಶತಮಾನದವು ಅಥವಾ ಅದಕ್ಕೂ ಹಿಂದಿನವು. ಕೊಡಗಿನಲ್ಲಿ ಇಂಗ್ಲಿಷರ ಕಾಫಿ ತೋಟಗಳು ತೊಡಗಿದ್ದು 1850ರ ದಶಕದಲ್ಲಿ ಎಂಬುದನ್ನು ನೆನೆದರೆ ಲಾಯದಲ್ಲಿ ಇದು ಸಿಕ್ಕಿದ್ದು ಸಹಜವಾಗಿಯೇ ಕಾಣುತ್ತದೆ. ಪ್ರತಿ ಅಲಗಿನ ಬುಡದಲ್ಲೂ ಮುದ್ರೆ ಹುಡುಕಿ. ಮೂರರಲ್ಲೂ ಒಂದೇ ಹೆಸರಿದ್ದರೆ ಬಹಳ ಒಳ್ಳೆಯದು. ಹಿತ್ತಾಳೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಬೇಡಿ, ಹಲ್ಲುಗಳನ್ನು ಮೊನೆ ಮಾಡಿಸಲೂ ಬೇಡಿ. ವೈದ್ಯಕೀಯ ಉಪಕರಣಗಳನ್ನು ಸಂಗ್ರಹಿಸುವವರು ಇದಕ್ಕೆ ಚಾಕು ಸಂಗ್ರಾಹಕರಿಗಿಂತ ಹೆಚ್ಚಿನ ಬೆಲೆ ಕಟ್ಟುತ್ತಾರೆಂಬುದು ನನ್ನ ಅನಿಸಿಕೆ.

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿದ್ದ ನಮ್ಮ ತಾತನ ಚಾಕುವಿನಲ್ಲಿ ಮೊಂಡು ಮೂತಿಯ ಅಲಗು, ಡಬ್ಬಿ ತೆರೆಯುವ ಕೊಕ್ಕೆ ಮತ್ತು ದಪ್ಪನೆಯ ಮೊನಚು ಸಲಾಕೆ ಇವೆ. ಹಿಡಿ ಕಪ್ಪು ಬಣ್ಣದ್ದು, ಮೇಲೆ ಚೌಕುಳಿ ಗೀರುಗಳಿವೆ. ಬಾಣದ ಗುರುತೂ 1943 ಎಂಬ ಇಸವಿಯೂ ಇವೆ. ಇದು ಅಪರೂಪದ್ದೇ?
– ಓದುಗರು, ಕುಶಾಲನಗರ

ಉತ್ತರ: ಅಪರೂಪದ್ದಲ್ಲ. ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಗಳಿಗೆ ಇಂಥವನ್ನು ಅಪಾರ ಸಂಖ್ಯೆಯಲ್ಲಿ ಹಂಚಲಾಗಿತ್ತು. ಮೂರು ಗೀಟಿನ ಬಾಣ ಸರಕಾರಿ ಸ್ವತ್ತಿನ ಗುರುತು. ಬಾಣದ ಕೆಳಗೆ ‘ಐ’ ಅಕ್ಷರವಿದ್ದರೆ ಭಾರತದ ಸೇನೆಯದು, ‘ಸಿ’ ಅಕ್ಷರದೊಳಗೆ ಬಾಣವಿದ್ದರೆ ಕೆನಡಾದ್ದು. ಮೊನಚು ಸಲಾಕೆ ಕುದುರೆಯ ಗೊರಸಿನ ಕಲ್ಲು ತೆಗೆಯಲೆಂದು ಎಲ್ಲ ಕಡೆಯೂ ಹೇಳುತ್ತಾರೆ. ಅದು ವಾಸ್ತವವಾಗಿ ಹಗ್ಗದ ಎಳೆಗಳನ್ನು ಬಿಡಿಸಿ ಹೆಣೆಯಲು ಮತ್ತು ಬಿಗಿದ ಗಂಟನ್ನು ಸಡಿಲಿಸಲು ಇರುವ ಸಾಧನ. ತಾತನ ಸೇವಾ ಪುಸ್ತಕವೋ ಪದಕವೋ ಇದ್ದರೆ ಚಾಕುವನ್ನು ಅವುಗಳಿಂದ ಬೇರೆ ಮಾಡಬೇಡಿ. ಬೇರೆಯಾದರೆ ಅದು ಸಾವಿರಾರು ಚಾಕುಗಳಲ್ಲಿ ಒಂದು ಮಾತ್ರ.

ಪ್ರಶ್ನೆ: ಐದು ಸಣ್ಣ ಅಲಗುಗಳೂ ಪುಟ್ಟ ಕತ್ತರಿಯೂ ಇರುವ ಬಿಳಿ ಹಿಡಿಯ ಚಾಕುವೊಂದು ನಮ್ಮ ಐನ್‌ಮನೆಯ ಪೆಟ್ಟಿಗೆಯಲ್ಲಿದೆ. ನೋಡಿದವರು ದಂತದ್ದೆನ್ನುತ್ತಾರೆ. ಕೊಳ್ಳುತ್ತೇನೆಂದು ಒಬ್ಬರು ಮುಂದೆ ಬಂದಿದ್ದಾರೆ. ಕಾಯಿಸಿದ ಸೂಜಿ ಚುಚ್ಚಿ ನೋಡಿದರೆ ದಂತವೋ ಅಲ್ಲವೋ ತಿಳಿಯುತ್ತದಂತೆ, ಹೌದೇ?
– ಓದುಗರು, ವಿರಾಜಪೇಟೆ

ಉತ್ತರ: ದಯವಿಟ್ಟು ಸೂಜಿಯನ್ನು ದೂರವಿಡಿ. ಅದು ದಂತವಾಗಿದ್ದರೆ ಕಪ್ಪು ಕಲೆ ಶಾಶ್ವತವಾಗಿ ಉಳಿಯುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಆಗಿದ್ದರೆ ಬೆಂಕಿ ಹತ್ತಿಕೊಳ್ಳಬಹುದು. ಹಗಲಿನ ಬೆಳಕೂ ಒಂದು ಭೂತಗನ್ನಡಿಯೂ ಸಾಕು. ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳೋ ಗೀರುಗಳೋ ಕಂಡರೆ ಅದು ಮೂಳೆ. ಮೂಳೆಯೊಳಗೆ ರಕ್ತ ಹರಿದ ಸೂಕ್ಷ್ಮ ನಾಳಗಳ ಗುರುತುಗಳವು. ಚುಕ್ಕೆಗಳಿಲ್ಲದೆ ಮರದ ಎಳೆಯಂತೆ ಅಲೆಅಲೆಯಾಗಿ, ಒಂದೊಂದೂ ಒಂದೊಂದು ಬಗೆಯಾಗಿ ಗೆರೆಗಳು ಹರಿದಿದ್ದರೆ ದಂತ. ಆನೆಯ ದಂತವನ್ನು ಅಡ್ಡ ಕೊಯ್ದ ಕಡೆ ಒಂದನ್ನೊಂದು ದಾಟುವ ಗೆರೆಗಳ ಬಲೆಯೂ ಕಾಣುತ್ತದೆ, ಆದರೆ ಚಾಕುವಿನ ತೆಳು ಹಿಡಿಯಲ್ಲಿ ಅಡ್ಡ ಕೊಯ್ತ ಕಾಣಸಿಗುವುದು ವಿರಳ. ಗೆರೆಗಳು ಅಚ್ಚು ಹೊಡೆದಂತೆ ಸಮಾನ ಅಂತರದಲ್ಲಿದ್ದರೆ ದಂತದಂತೆ ಕಾಣಲೆಂದು ಮಾಡಿದ ಸೆಲ್ಯುಲಾಯ್ಡ್. ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ. ಅಮೆರಿಕದಲ್ಲಿ ಅದರ ತಯಾರಿಕೆಗೆ ಹಕ್ಕುಪತ್ರ ಸಿಕ್ಕಿದ್ದು 1870ರಲ್ಲಿ, ಆದ್ದರಿಂದ ಚಾಕುವಿನ ವಯಸ್ಸಿಗೂ ಅದು ಒಂದು ಮಿತಿಯಾಗುತ್ತದೆ. ಹಳೆಯ ಸೆಲ್ಯುಲಾಯ್ಡ್ ಕಾಲಕ್ರಮದಲ್ಲಿ ಕೊಳೆತು ಆಮ್ಲದ ಆವಿಯನ್ನು ಹೊರಬಿಟ್ಟು ಪಕ್ಕದ ಚಾಕುಗಳ ಉಕ್ಕನ್ನೂ ತಿನ್ನುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಒಂದು ಅಲಗು ಮಾತ್ರ ಕಾರಣವಿಲ್ಲದೆ ತುಕ್ಕು ಹಿಡಿದಿದ್ದರೆ ಮೊದಲು ನೆರೆಯ ಚಾಕುವಿನ ಹಿಡಿಯನ್ನು ಅನುಮಾನಿಸಿ.

ಮಾರಾಟದ ಮಾತು. ದಂತವಾದರೆ ಮಾರಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತದ ವ್ಯಾಪಾರ ಅಪರಾಧ; 1991ರ ತಿದ್ದುಪಡಿಯ ನಂತರ ಆಫ್ರಿಕಾದಿಂದ ಬಂದ ದಂತಕ್ಕೂ ಇದೇ ನಿಯಮ. ಅಜ್ಜನ ಕಾಲದ್ದೆಂಬ ಕಾರಣಕ್ಕೆ ವಿನಾಯಿತಿ ಸಿಗುತ್ತದೆಂದು ಹೇಳುವ ದಲ್ಲಾಳಿಯ ಮಾತಿಗೆ ಕಿವಿಗೊಡಬೇಡಿ. ಮನೆಯಲ್ಲಿ ಇಟ್ಟುಕೊಳ್ಳಲು ಒಡೆತನದ ಪ್ರಮಾಣಪತ್ರದ ವ್ಯವಸ್ಥೆಯಿದೆ; ಆ ಬಗ್ಗೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ. ಕಡವೆ ಕೊಂಬು ಮತ್ತು ಕಡಲಾಮೆಯ ಚಿಪ್ಪಿನ ಹಿಡಿಗಳ ವಿಷಯದಲ್ಲೂ ಕೇಳದೆ ಮುಂದುವರಿಯಬಾರದು. ನೂರು ವರ್ಷ ಮೀರಿದ ವಸ್ತುವನ್ನು ಪರದೇಶದ ಸಂಗ್ರಾಹಕರಿಗೆ ಕಳುಹಿಸುವ ಯೋಚನೆಯಿದ್ದರೆ 1972ರದೇ ಇನ್ನೊಂದು ಕಾಯ್ದೆ, ಪ್ರಾಚ್ಯವಸ್ತುಗಳದ್ದು, ಅಡ್ಡ ಬರುತ್ತದೆ. ಖಾಸಗಿಯವರು ಪ್ರಾಚ್ಯವಸ್ತುವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ.

ಪ್ರಶ್ನೆ: ಕೈಲ್ ಮುಹೂರ್ತಕ್ಕೆ ಕೋವಿ, ಕತ್ತಿಗಳ ಜೊತೆ ಮುತ್ತಜ್ಜನ ಹಲವು ಅಲಗಿನ ಚಾಕುವನ್ನೂ ಪೂಜೆಗೆ ಇಡುತ್ತೇವೆ. ಪ್ರತಿ ವರ್ಷ ಮರಳು ಕಾಗದದಿಂದ ಉಜ್ಜಿ ಹೊಳಪು ತರುತ್ತೇವೆ. ಈ ಸಲ ಒಂದು ಅಲಗು ತೆರೆಯುತ್ತಲೇ ಇಲ್ಲ. ಏನು ಮಾಡಬೇಕು?
– ಓದುಗರು, ಪೊನ್ನಂಪೇಟೆ

ಉತ್ತರ: ಪೂಜೆಗೆ ಇಡಿ, ತೋಕ್‌ಪೂವನ್ನೂ ಮುಡಿಸಿ, ಮರಳು ಕಾಗದವನ್ನು ಮಾತ್ರ ಇಂದೇ ಎಸೆಯಿರಿ. ವರ್ಷಕ್ಕೊಮ್ಮೆ ಉಜ್ಜಿದರೂ ಮುದ್ರೆಯ ಅಕ್ಷರಗಳು ಒಂದೊಂದು ಪದರವಾಗಿ ಅಳಿಸಿಹೋಗುತ್ತವೆ, ಮುದ್ರೆ ಹೋದ ಚಾಕುವಿಗೆ ವಯಸ್ಸನ್ನು ಹೇಳಲು ಬಾಯಿಯೇ ಇರುವುದಿಲ್ಲ. ಹಳೆಯ ಉಕ್ಕು ಬೂದು ಬಣ್ಣಕ್ಕೆ ತಿರುಗುವುದು ದೋಷವಲ್ಲ. ಕೆಂಪು ತುಕ್ಕು ಮಾತ್ರ ದೋಷ. ಅದನ್ನು ಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ನಿಧಾನವಾಗಿ ಬಿಡಿಸಬೇಕು. ನಿಮ್ಮ ಮನೆಯಲ್ಲಿ ಕೋವಿಗೆ ಹಾಕುವ ಎಣ್ಣೆ ಇದ್ದೇ ಇರುತ್ತದೆ, ಅದೇ ಸಾಕು. ತೆಂಗಿನೆಣ್ಣೆ ಬೇಡ, ಅದು ಕೆಲವು ತಿಂಗಳಲ್ಲಿ ಜಿಗುಟಾಗಿ ಕೀಲುಗಳಲ್ಲಿ ಅಂಟುತ್ತದೆ, ನಿಮ್ಮ ಅಲಗು ಸಿಕ್ಕಿಕೊಂಡಿರುವುದಕ್ಕೆ ಬಹುಶಃ ಅದೇ ಕಾರಣ.

ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಚಾಕುವನ್ನು ತೊಗಲಿನ ಚೀಲದಲ್ಲಿಡುವುದು ದೊಡ್ಡ ತಪ್ಪು. ಹದ ಮಾಡಿದ ತೊಗಲು ತೇವವನ್ನು ಹೀರಿಕೊಂಡು ಹಿತ್ತಾಳೆಗೆ ಕಿಲುಬನ್ನೂ ಉಕ್ಕಿಗೆ ತುಕ್ಕನ್ನೂ ತರುತ್ತದೆ. ಒಣಗಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಚೀಲವನ್ನು ಬೇರೆ ಕಡೆ ಇಟ್ಟುಕೊಳ್ಳಿ, ಎಸೆಯಬೇಡಿ.

ಸಿಕ್ಕಿಕೊಂಡ ಅಲಗನ್ನು ಇಕ್ಕುಳದಿಂದ ಎಳೆಯಬಾರದು. ಉಗುರು ಗೆರೆಯ ಬಳಿ ಉಕ್ಕು ಒಡೆದರೆ ಅದಕ್ಕೆ ಮತ್ತೆ ಪರಿಹಾರವಿಲ್ಲ. ಅಲಗಿನ ಬುಡ ಮೇಲಾಗುವಂತೆ ಚಾಕುವನ್ನು ನಿಲ್ಲಿಸಿ, ಕೀಲಿಗೆ ಎರಡು ತೊಟ್ಟು ತೆಳು ಎಣ್ಣೆ ಬಿಟ್ಟು, ಹಿಡಿಗೆ ತಾಗಿದ್ದನ್ನು ಒರೆಸಿ ಒಂದು ದಿನ ಹಾಗೆಯೇ ಬಿಡಿ. ಮರುದಿನ ಪಕ್ಕದ ಅಲಗುಗಳನ್ನು ಮುಚ್ಚಿಟ್ಟು ಸಿಕ್ಕಿಕೊಂಡದ್ದನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ ನೋಡಿ. ಕೂದಲೆಳೆಯಷ್ಟು ಸರಿದರೂ ಸಾಕು, ಅಲ್ಲಿಗೇ ನಿಲ್ಲಿಸಿ ಮತ್ತೆ ಎಣ್ಣೆ ಬಿಡಿ. ಹೀಗೆ ವಾರ ಹಿಡಿದರೂ ಅವಸರ ಬೇಡ. ತೆರೆದ ಮೇಲೆ ಒಳಗಿನ ಸೀಳಿನಲ್ಲಿ ಸೇರಿರುವ ಕಪ್ಪು ಜಿಡ್ಡನ್ನು ಬಿದಿರಿನ ಕಡ್ಡಿಯಿಂದ ತೆಗೆಯಿರಿ. ಮುದ್ರೆ ಏನಾದರೂ ಉಳಿದಿದ್ದರೆ ಇಳಿಬಿಸಿಲಿನಲ್ಲಿ ಓರೆಯಾಗಿ ಹಿಡಿದು ಚಿತ್ರ ತೆಗೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.